ಚಾಡಿ ತೂತಿಗೆ ಬೆಸುಗೆ

ಮಾವ: ತೂತು ಮುಚ್ಚೋದೇ ನನ್ನ ಕೆಲಸ, ಅಳಿಯಂದಿರೇ! ನಲವತ್ತು ವರ್ಷದಿಂದ ಅದಕ್ಕೇ ಸಂಬಳ ತಗೊಂಡಿದ್ದೀನಿ. ತೂತು ಬಿಟ್ಟು ಬೈಸಿಕೊಂಡವರನ್ನ ಬೇಕಾದಷ್ಟು ನೋಡಿದ್ದೀನಿ. ಮುಚ್ಚಿ ಬೈಸಿಕೊಳ್ತಿರೋನು ನಾನೊಬ್ಬನೇ.

ಅಳಿಯ: ನಾನು ಬೈತಿಲ್ಲ ಮಾವ. ಆ ತೂತು ಬೇಕಿತ್ತು ಅಂತ ಹೇಳ್ತಿದ್ದೀನಿ, ಅಷ್ಟೇ.

ಮಾವ: ಮೆತ್ತಗೆ ಹೇಳಿದ್ರೆ ಬೈಗಳ ಅಲ್ವಾ? ನನ್ನ ಹೆಂಡತೀನೂ ಮೆತ್ತಗೇ ಹೇಳ್ತಾಳೆ.

ಇಬ್ಬರ ನಡುವೆ ಉರುಳೆಗಳ ಮೇಲೆ ದೊಡ್ಡದೊಂದು ಉಕ್ಕಿನ ಡ್ರಮ್ಮು ಮಲಗಿತ್ತು. ಮುಂದೆ ಅದು ಯಾವುದೋ ಕಾರ್ಖಾನೆ ಸೇರಿ, ಹೊಟ್ಟೆಯೊಳಗೆ ಉಗಿಯನ್ನು ಒತ್ತಿ ಹಿಡಿದುಕೊಂಡು ಬದುಕಬೇಕು. ಉಗಿ ಒಳಗೆ ಬರಲೆಂದು ಡ್ರಮ್ಮಿನ ಮೈ ಕೊರೆದು ಒಂದು ಕೊಳವೆಯ ಮೂತಿ ಕೂರಿಸಿದ್ದರು. ಕೊರೆದು ಬಡವಾದ ಜಾಗಕ್ಕೆ ಬಲ ಬರಲೆಂದು ಆ ಮೂತಿಯ ಸುತ್ತ ಬಳೆಯಂಥ ದಪ್ಪ ತಗಡನ್ನು ಬೆಸೆದಿದ್ದರು. ಅದಕ್ಕೆ ಪ್ಯಾಡು ಎಂದು ಹೆಸರು. ಪ್ಯಾಡಿನಲ್ಲಿ ಕಡಲೆಕಾಳಿನಷ್ಟು ಒಂದು ತೂತು ಇರಬೇಕಿತ್ತು. ಅದಿದ್ದ ಜಾಗದಲ್ಲಿ ಈಗ ಬೆಸುಗೆಯದೊಂದು ಹೊಳೆಯುವ ಬೊಟ್ಟು ಇತ್ತು.

ಬೊಟ್ಟು ಇಟ್ಟವರು ಮಾವ. ಅವರು ಆ ಶೆಡ್ಡಿನ ಆರನೇ ನಂಬರಿನ ವೆಲ್ಡರು. ಅದನ್ನು ಕಂಡುಹಿಡಿದವನು ತಪಾಸಣೆಯ ಆಫೀಸಿನಿಂದ ಬಂದ ಅಳಿಯ. ಮಾವನ ಅಂಗಿ ಬೆಳಿಗ್ಗೆಯಿಂದ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಜೋತಿತ್ತು. ಅಳಿಯ ಅದನ್ನೂ ಕಂಡಿದ್ದ. ಆದರೆ ತಪಾಸಣೆಯ ಪಟ್ಟಿಯಲ್ಲಿ ಮಾವನ ಅಂಗಿ ಇರಲಿಲ್ಲ.

ಮಾವ: ನಿಮ್ಮ ಆಫೀಸಿನಲ್ಲಿ ಕಳಿಸೋಕೆ ಬೇರೆ ಯಾರೂ ಇರಲಿಲ್ವಾ?

ಅಳಿಯ: ನಾನೇ ಬರೆದುಕೊಟ್ಟೆ ಮಾವ, ವೆಲ್ಡರು ನಮ್ಮ ಮಾವ, ನಾನು ನೋಡಬಾರದು ಅಂತ. ಸಾಹೇಬ್ರು ನಕ್ಕುಬಿಟ್ರು. 'ಮಾವನ ತಪ್ಪು ಮುಚ್ಚಿಟ್ಟ ಅಳಿಯ ಪ್ರಪಂಚದಲ್ಲಿ ಎಲ್ಲಾದ್ರೂ ಹುಟ್ಟಿದಾನಾ? ಹೋಗಿ ಬನ್ನಿ' ಅಂದ್ರು.

ಮಾವ: ತಿಳಿದವರು.

ಅಳಿಯ: ಅಲ್ಲ ಮಾವ, ಈ ತೂತಿನ ಮಹಿಮೆ ನನಗೆ ಹೇಳಿಕೊಟ್ಟವರೇ ನೀವು! ಮೊದಲ ಸಲ ನಿಮ್ಮನೆಗೆ ಬಂದ ದಿನ, ನಿಮ್ಮ ಮಗಳ ಜೊತೆ ಎರಡು ಮಾತಾಡೋಕೆ ಬಿಡದೆ ಎರಡು ಗಂಟೆ ಹೇಳಿದ್ರಿ. 'ಇದರ ಹೆಸರು ಚಾಡಿ ತೂತು. ಪ್ಯಾಡಿನ ಅಡಿಯಲ್ಲಿ ಮುಚ್ಚಿಹೋದ ಬೆಸುಗೆ ಕಣ್ಣಿಗೆ ಕಾಣಲ್ಲ. ಅದು ಸೋರಿದ್ರೆ ಈ ತೂತೇ ಹೊರಗೆ ಬಂದು ಚಾಡಿ ಹೇಳೋದು' ಅಂದ್ರಿ. ಕಾಫಿ ಆರಿ ತಣ್ಣಗಾಯ್ತು.

ಮಾವ: ಆಗ ಹೇಳಿದ್ದೆ. ಈಗ ನನ್ನ ಅಭಿಪ್ರಾಯ ಬದಲಾಗಿದೆ.

ಅಳಿಯ: ಉಕ್ಕಿನ ಅಭಿಪ್ರಾಯ ಬದಲಾಗಿಲ್ವಲ್ಲ ಮಾವ!

ಮಾವ: ಮಳೆ ನೀರು ಹೋಗತ್ತೆ, ತುಕ್ಕು ಹಿಡಿಯತ್ತೆ, ಇರುವೆ ಮನೆ ಕಟ್ಟತ್ತೆ. ಅದಕ್ಕೇ ಮುಚ್ಚಿದೆ.

ಅಳಿಯ: ಅದಕ್ಕೆ ಪರೀಕ್ಷೆ ಆದಮೇಲೆ ಗ್ರೀಸ್ ತುಂಬ್ತಾರೆ. ಬೆಸೆಯೋದಾ? ಒಳಗೆ ಸಿಕ್ಕಿಕೊಂಡ ಗಾಳಿ ಕಾದರೆ ಎಲ್ಲಿಗೆ ಹೋಗಬೇಕು?

ಮಾವ: ನಾನೆಲ್ಲಿಗೆ ಹೋಗ್ತೀನಿ ಕಾದ್ರೆ? ಇಲ್ಲೇ ನಿಂತಿದ್ದೀನಲ್ಲ.

ಮಾವನ ಕೈ ಜೇಬಿನೊಳಗಿನ ಪಂಚನ್ನು ಬಿಗಿಯಾಗಿ ಹಿಡಿದಿತ್ತು. ಹೆಬ್ಬೆರಳಿನಷ್ಟು ಉಕ್ಕಿನ ತುಂಡು. ಅದರ ತುದಿಯಲ್ಲಿ ಅವರ ನಂಬರು, ನಂಬರಿನ ಅಡಿಗೆ ಸಣ್ಣದೊಂದು ಗೆರೆ. ಆ ಶೆಡ್ಡಿನಲ್ಲಿ ಯಾರು ಬೆಸೆದರೋ ಅವರೇ ಪಕ್ಕದಲ್ಲಿ ತಮ್ಮ ಪಂಚಿಟ್ಟು ಸುತ್ತಿಗೆಯಿಂದ ಒಂದೇಟು ಕೊಡಬೇಕು. ಗುಮಾಸ್ತ ಆಮೇಲೆ ಬಂದು ಗುರುತು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ.

ಅಳಿಯ: ಮಾವ, ಪಂಚನ್ನ ಯಾಕೆ ಅಷ್ಟು ಬಿಗಿಯಾಗಿ ಹಿಡಿದಿದ್ದೀರಿ?

ಮಾವ: ಹಿಡಿಯದೆ ಇನ್ನೇನು? ಬೆಳಿಗ್ಗೆ ಮಾಲೀಕರು ಕರೆದ್ರು. 'ಆರು ತಿಂಗಳಿಂದ ಆರನೇ ನಂಬರಿನ ಕೆಲಸ ಪುಸ್ತಕದಲ್ಲಿ ಬರೀ ನಾಲ್ಕು. ಒಂಬತ್ತನೇ ನಂಬರಿಂದು ಅರವತ್ತೊಂದು. ನಿಮಗೆ ವಯಸ್ಸಾಯ್ತು. ಸಂಜೆ ಪಂಚು ವಾಪಸ್ ಕೊಡಿ, ನಾಳೆಯಿಂದ ಸ್ಟೋರಿನಲ್ಲಿ ಕೂತು ವೆಲ್ಡಿಂಗ್ ಕಡ್ಡಿ ಹಂಚಿ' ಅಂದ್ರು. ಕಡ್ಡಿ ಹಂಚೋಕೆ ನಾನೇನು ಊದುಬತ್ತಿ ಅಂಗಡಿಯವನಾ?

ಅಳಿಯ: ಬರೀ ನಾಲ್ಕಾ? ದಿನಾ ಕೆಲಸಕ್ಕೆ ಬರ್ತೀರಲ್ಲ!

ಮಾವ: ಅದನ್ನೇ ಕೇಳಿದೆ. 'ಪುಸ್ತಕ ಸುಳ್ಳು ಹೇಳತ್ತಾ?' ಅಂದ್ರು. ಆ ಗುಮಾಸ್ತ, ಆ ಒಂಬತ್ತು, ಇಬ್ರೂ ಒಂದೇ ಬೆಂಚಿನ ಮೇಲೆ ಊಟ ಮಾಡ್ತಾರೆ. ನಾನು ಬೇರೆ ಏನೂ ಹೇಳಲ್ಲಪ್ಪ.

ಗೋಡೆಯ ಮೇಲೆ ಒಂಬತ್ತನೇ ನಂಬರಿನವನ ಫೋಟೊ ಇತ್ತು, ಅದರಡಿಯಲ್ಲಿ 'ಉತ್ತಮ ಕೆಲಸಗಾರ' ಎಂಬ ಚೀಟಿ. ಶೆಡ್ಡಿನಲ್ಲಿದ್ದ ಒಂದೇ ಒಂದು ಫ್ಯಾನೂ ಅವನ ಜಾಗದ ಮೇಲೆಯೇ ತಿರುಗುತ್ತಿತ್ತು. ಅವನು ಅಂದು ರಜೆಯಲ್ಲಿದ್ದ. ಫ್ಯಾನು ಸುಮ್ಮನೆ ಅವನ ಸ್ಟೂಲಿಗೆ ಗಾಳಿ ಹಾಕುತ್ತಿತ್ತು.

ಅಳಿಯ: ನಿಜ ಹೇಳಬೇಕು ಅಂದ್ರೆ ಆ ಮನುಷ್ಯನ ಕೈ ಚೆನ್ನಾಗಿದೆ ಮಾವ. ಬಾಗಿಲ ಹತ್ರ ಇರೋ ಆ ಡ್ರಮ್ಮು ನೋಡಿ. ಮೂತಿಯ ಪಕ್ಕದಲ್ಲಿ ಒಂಬತ್ತು ಅಂತಿದೆ. ಬೆಸುಗೆ ಅಂದ್ರೆ ಅದು! ಒಂದೇ ಸಮ ಹೊಲಿಗೆ ಹಾಕಿದ ಹಾಗಿದೆ.

ಮಾವ ಆ ಡ್ರಮ್ಮಿನ ಹತ್ತಿರ ಹೋದರು. ಕಣ್ಣು ಕಿರಿದು ಮಾಡಿದರು. ಒಂದು ಹೆಜ್ಜೆ ಹಿಂದೆ ಸರಿದರು, ಒಂದು ಹೆಜ್ಜೆ ಮುಂದೆ ಬಂದರು.

ಮಾವ: ಇದಾ? ಇದನ್ನ ಬೆಸುಗೆ ಅಂತೀರಾ? ಕೋಳಿ ಕೆದಕಿದ ಹಾಗಿದೆ! ಕಡ್ಡಿ ಹಿಡಿಯೋಕೆ ಬರದವನು ಮಾಡಿದ್ದು. ಶುರು ಮಾಡುವಾಗ ಅವಸರ, ಮುಗಿಸುವಾಗ ಆಲಸ್ಯ. ಇವನನ್ನ ನನ್ನ ಹತ್ರ ಒಂದು ವರ್ಷ ಬಿಡಿ, ಕಪಾಳಕ್ಕೆ ಎರಡು ಕೊಟ್ಟು ಸರಿ ಮಾಡ್ತೀನಿ.

— ಯಾರ ಕಪಾಳಕ್ಕೆ?

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಕನ್ನಡಕದ ಡಬ್ಬಿ. ಎರಡನೆಯದನ್ನು ಕಂಡದ್ದೇ ಮಾವ ಕತ್ತು ತಿರುಗಿಸಿಕೊಂಡರು.

ಮಾವ: ಊಟ ಇಟ್ಟು ಹೋಗು. ಅದನ್ನ ವಾಪಸ್ ತಗೊಂಡು ಹೋಗು.

ಅತ್ತೆ: ಆರು ತಿಂಗಳಾಯ್ತು ರೀ ಡಾಕ್ಟ್ರು ಕೊಟ್ಟು. ಕನ್ನಡಕ ಇನ್ನೂ ನಿಮ್ಮ ಮೂಗನ್ನೇ ನೋಡಿಲ್ಲ. ದೇವರು ಕಣ್ಣು ಕೊಟ್ಟ. ಅದು ಮಂಜಾದಾಗ ಇರಲಿ ಅಂತ ಗಾಜು ಉಜ್ಜೋನಿಗೆ ಬುದ್ಧೀನೂ ಅವನೇ ಕೊಟ್ಟ. ಬೇಡ ಅಂತ ಡಬ್ಬೀಲಿಟ್ಟರೆ ಕೊಟ್ಟವನಿಗೆ ಬೇಜಾರಾಗಲ್ವಾ?

ಮಾವ: ಅಳಿಯಂದಿರ ಮುಂದೆ ಶುರು ಮಾಡಬೇಡ. ಇಲ್ಲಿ ಆಗಲೇ ಒಂದು ತಗಾದೆ ನಡೀತಿದೆ.

ಅತ್ತೆ: ಏನಂತೆ?

ಅಳಿಯ: ಅತ್ತೆ, ಈ ಡ್ರಮ್ಮಿಗೆ ಮೂತಿ ಇಡೋಕೆ ತೂತು ಕೊರೀತಾರೆ. ಕೊರೆದಾಗ ಎಷ್ಟು ಉಕ್ಕು ಹೋಯ್ತೋ ಅಷ್ಟು ಬಲ ಹೋಯ್ತು. ಅದನ್ನ ವಾಪಸ್ ಕೊಡಬೇಕು. ಎಲ್ಲೋ ಕೊಟ್ಟರೆ ಆಗಲ್ಲ, ತೂತಿನ ಸುತ್ತಲೇ ಕೊಡಬೇಕು. ದೂರದಲ್ಲಿ ಎಷ್ಟು ದಪ್ಪ ತಗಡು ಹಾಕಿದ್ರೂ ಲೆಕ್ಕಕ್ಕೆ ಬರಲ್ಲ.

ಮಾವ: ಹಂಗಾ! ಹಂಗಾದ್ರೆ ನನ್ನದೂ ಒಂದು ಪ್ರಶ್ನೆ. ನಮ್ಮನೆಯಿಂದ ಮಗಳನ್ನ ಕರಕೊಂಡು ಹೋದ್ರಲ್ಲ, ಮನೇಲಿ ಅಷ್ಟು ದೊಡ್ಡ ತೂತು ಬಿತ್ತಲ್ಲ, ಅದಕ್ಕೆ ನೀವೇನು ಪ್ಯಾಡು ಹಾಕಿದ್ರಿ?

ಅಳಿಯ: ನಾನೇ ಇದ್ದೀನಲ್ಲ ಮಾವ, ಎರಡು ಬೀದಿ ಆಚೆ.

ಅತ್ತೆ: ದಪ್ಪಾನೂ ಇದ್ದಾರೆ. ಲೆಕ್ಕ ಸರಿಹೋಯ್ತು ಬಿಡಿ. ಮುಂದೆ ಹೇಳಿ ಅಳಿಯಂದಿರೇ.

ಅಳಿಯ: ಪ್ಯಾಡು ಹಾಕಿದ ಮೇಲೆ ಅದರ ಅಡಿಯಲ್ಲಿ ಏನಾಗ್ತಿದೆ ಅಂತ ಯಾರಿಗೂ ಕಾಣಲ್ಲ. ಅದಕ್ಕೇ ಪ್ಯಾಡಿನಲ್ಲಿ ಒಂದು ಸಣ್ಣ ತೂತು ಬಿಡೋದು. ಅದರಿಂದ ಗಾಳಿ ಊದಿ, ಬೆಸುಗೆಗೆಲ್ಲ ಸೋಪು ನೀರು ಬಳಿದ್ರೆ, ಎಲ್ಲಿ ಬಿರುಕಿದೆಯೋ ಅಲ್ಲಿ ಗುಳ್ಳೆ ಬರತ್ತೆ.

ಅತ್ತೆ: ಅಂದ್ರೆ ಒಳಗಿನ ಕಷ್ಟ ಹೊರಗೆ ಹೇಳಿಕೊಳ್ಳೋಕೆ ಒಂದು ಬಾಯಿ.

ಅಳಿಯ: ಸರಿಯಾಗಿ ಹೇಳಿದ್ರಿ!

ಅತ್ತೆ: ಇವರು ಅದನ್ನ ಮುಚ್ಚಿಬಿಟ್ಟರಾ?

ಅಳಿಯ: ಹೂಂ.

ಅತ್ತೆ: ಮನೇಲೂ ಇದೇ ಅಭ್ಯಾಸ. ನಾನು ಬಾಯಿ ತೆಗೆದ್ರೆ ಸಾಕು, ಮುಚ್ಚು ಅಂತಾರೆ.

ಮಾವ: ನಿನ್ನನ್ನ ಮುಚ್ಚಿಸಿದ ಬೆಸುಗೆ ಇನ್ನೂ ಯಾರೂ ಹಾಕಿಲ್ಲ ಕಣೇ! ಅಳಿಯಂದಿರೇ, ಕೊನೆ ಮಾತು. ಈ ಡ್ರಮ್ಮು ಒಪ್ಪಿಗೆ ಆದ್ರೆ ಮಾಲೀಕರ ಮುಂದೆ ನಾನು ತಲೆ ಎತ್ತಿ ನಿಲ್ಲಬಹುದು. ಹೇಳಿ, ಒಪ್ತೀರೋ ಇಲ್ವೋ?

ಅಳಿಯ: ಪಕ್ಕದಲ್ಲಿ ಹೊಸದಾಗಿ ತೂತು ಹೊಡೀರಿ. ಗಾಳಿ ಬಿಟ್ಟು ನೋಡೋಣ. ಗುಳ್ಳೆ ಬರದೇ ಇದ್ರೆ ಒಪ್ತೀನಿ. ಬಂದ್ರೆ... ಬಂದ್ರೆ ನಿಮ್ಮ ಮಗಳೇ ಕೇಳಿಕೊಂಡ್ರೂ ಒಪ್ಪಲ್ಲ.

ಮಾವ: ತಗೊಳ್ಳಿ, ಹೊಡೀತೀನಿ! ನನಗೇನು ಭಯ?

ಭಯವಿತ್ತು. ಡ್ರಿಲ್ಲು ಹಿಡಿದ ಕೂಡಲೇ ಆ ಭಯ ಎಲ್ಲಿಗೋ ಹೋಯಿತು. ಪ್ಯಾಡು ದಾಟಿ ಡ್ರಮ್ಮಿನ ಮೈ ತಾಕಬಾರದೆಂದು ಅಳಿಯ ಡ್ರಿಲ್ಲಿನ ಮೊನೆಗೆ ಅಳತೆ ನೋಡಿ ಟೇಪು ಸುತ್ತಿಕೊಟ್ಟ. ಮಾವ ಟೇಪಿನ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿ, ಉಕ್ಕು ಕೈಗೆ ಹೇಳಿದ್ದನ್ನು ಕೇಳಿಕೊಂಡು, ಕೂದಲೆಳೆಯಷ್ಟೂ ಹೆಚ್ಚಾಗದಂತೆ ನಿಲ್ಲಿಸಿದರು. ಅಳಿಯ ಗಾಳಿಯ ಪೈಪನ್ನು ತಾನೇ ತೂತಿಗೆ ಸಿಕ್ಕಿಸಿ ಬಿಗಿದ.

ಅಳಿಯ: ಒಳಗಡೆಯ ಬೆಸುಗೆ ನಾನು ನೋಡ್ತೀನಿ. ಹೊರಗಡೆ ನೀವಿಬ್ರೂ ಸೋಪು ನೀರು ಬಳೀರಿ.

ಡ್ರಮ್ಮಿನ ತುದಿಯಲ್ಲಿ ಆಳು ಇಳಿಯುವ ದುಂಡನೆಯ ಬಾಯಿ ಇತ್ತು. ಅಳಿಯನ ತಲೆ ಹೋಯಿತು, ಕೈಗಳು ಹೋದವು. ಹೊಟ್ಟೆ ನಿಂತಿತು.

ಮಾವ: ಭಾನುವಾರ ನಮ್ಮನೇಲಿ ಮೂರನೇ ಸಲ ಬಡಿಸೋಕೆ ಬಂದಾಗ ಬೇಡ ಅಂದಿದ್ರೆ ಹೋಗ್ತಿತ್ತು.

ಅಳಿಯ: (ಅರ್ಧ ಒಳಗಿನಿಂದ) ಬೇಡ ಅಂದೆ ಮಾವ! ಅತ್ತೆ ಕೇಳಲಿಲ್ಲ!

ಅತ್ತೆ: ಉಸಿರು ಬಿಡಿ ಅಳಿಯಂದಿರೇ. ಹಾಂ, ಈಗ ಇವರು ಒಂದು ನೂಕು ನೂಕಲಿ.

ಮಾವ ಮನಸ್ಸಿಟ್ಟು ನೂಕಿದರು. ಒಳಗೆ ದೊಪ್ಪೆಂದು ಬಿದ್ದ ಸದ್ದಾಯಿತು. ಅತ್ತೆ ಸೋಪು ನೀರಿನ ಬಕೆಟ್ಟಿಗೆ ಬ್ರಷ್ಷು ಅದ್ದಿ, ಕಣ್ಣು ಮುಚ್ಚಿ ಒಂದು ಗಳಿಗೆ ತುಟಿಯಲ್ಲೇ ಏನೋ ಹೇಳಿಕೊಂಡರು.

ಮಾವ: ಯಾರಿಗೆ ಬೇಡಿಕೊಳ್ತಿದ್ದೀಯ? ನನ್ನ ಪಂಚಿಗೋಸ್ಕರಾನಾ?

ಅತ್ತೆ: ಇದ್ದದ್ದು ಇದ್ದ ಹಾಗೆ ಕಾಣಲಿ ಅಂತ ಬೇಡಿಕೊಂಡೆ.

ಮಾವ: ಇನ್ನೊಂದು ಸಲ ಬೇಡಿಕೋ. ಸ್ವಲ್ಪ ನನ್ನ ಕಡೆಗೆ ವಾಲಿಸಿ ಬೇಡಿಕೋ.

ಅಳಿಯ: (ಒಳಗಿನಿಂದ, ಗುಡುಗಿನಂತೆ) ಗಾಳಿ ಬಿಡಿ! ಸ್ವಲ್ಪ, ಸ್ವಲ್ಪಾನೇ!

ಗಾಳಿ ಹೊಕ್ಕಿತು. ಅತ್ತೆ ಪ್ಯಾಡಿನ ಸುತ್ತ ಸೋಪು ನೀರು ಬಳಿಯುತ್ತ ಬಂದರು. ಮಾವ ಗಾಳಿಯ ಕೀಲಿ ಹಿಡಿದು ನಿಂತಿದ್ದರು.

ಅತ್ತೆ: ರೀ... ಗುಳ್ಳೆ.

ಮಾವ: ಎಲ್ಲಿ?

ಅತ್ತೆ: ಇಲ್ಲಿ. ನೋಡಿ, ಒಂದರ ಮೇಲೊಂದು ಬರ್ತಿದೆ, ಹಾಲು ಉಕ್ಕಿದ ಹಾಗೆ.

ಮಾವ ಬಗ್ಗಿ ನೋಡಲೂ ಹೋಗಲಿಲ್ಲ. ಅಲ್ಲೇ ಇದ್ದ ಕಡ್ಡಿ ಪೆಟ್ಟಿಗೆಯ ಮೇಲೆ ಕೂತರು. ಜೇಬಿನಿಂದ ಪಂಚು ತೆಗೆದು ಹೆಂಡತಿಯ ಕಡೆ ಚಾಚಿದರು.

ಮಾವ: ತಗೋ. ಮಾಲೀಕರಿಗೆ ನೀನೇ ಕೊಟ್ಟುಬಿಡು. ನನ್ನ ಕೈಯಿಂದ ಆಗಲ್ಲ.

ಅತ್ತೆ: ಸುಮ್ನೆ ಕೂತ್ಕೊಳ್ಳಿ, ಪೂರ್ತಿ ನೋಡೋಣ. ಅಳಿಯಂದಿರೇ, ಬೆಸುಗೆ ಮೇಲೆ ಬಂದ್ರೆ ತಾನೇ ತಪ್ಪು?

ಅಳಿಯ: (ಒಳಗಿನಿಂದ) ಹೌದತ್ತೆ! ಎಲ್ಲಿ ಬರ್ತಿದೆ?

ಅತ್ತೆ: ನೀವು ಪೈಪು ಸಿಕ್ಕಿಸಿದ್ರಲ್ಲ, ಅದರ ಬುಡದಲ್ಲಿ. ನೀವು ಬಿಗಿದದ್ದು ಸಾಲದು.

ಒಳಗಿನಿಂದ ಒಂದು ಕೆಮ್ಮು ಕೇಳಿಸಿತು.

ಮಾವ: (ಎದ್ದು ನಿಂತು) ಬರ್ಕೊಳ್ಳಿ ಅಳಿಯಂದಿರೇ, ಬರ್ಕೊಳ್ಳಿ! 'ತಪಾಸಣೆಯವರ ಕೈ ಸೋರುತ್ತದೆ' ಅಂತ!

ಮಾವ ಪೈಪನ್ನು ಒಂದೇ ಸುತ್ತಿಗೆ ಬಿಗಿದರು. ಗುಳ್ಳೆ ನಿಂತಿತು. ಮತ್ತೆ ಸೋಪು ನೀರು, ಮತ್ತೆ ಗಾಳಿ. ಹೊರಗೆ ಒಂದು ಗುಳ್ಳೆಯೂ ಏಳಲಿಲ್ಲ. ಒಳಗೂ ಏಳಲಿಲ್ಲ. ಅಳಿಯ ಬೆವರಿನಲ್ಲಿ ಮಿಂದು ಹೊರಗೆ ಬಂದ. ಬೆವರಿನ ದಯೆಯಿಂದ ಈ ಸಲ ಹೊಟ್ಟೆ ಸಲೀಸಾಗಿ ಜಾರಿತು.

ಅಳಿಯ: ಒಪ್ಪಿದೆ ಮಾವ. ಒಳಗಡೆ ಬೆಸುಗೆ ಕನ್ನಡಿ ಹಾಗಿದೆ. ಹಾಕಿ ನಿಮ್ಮ ಪಂಚು.

ಮಾವ ಬೆಸುಗೆಯ ಪಕ್ಕದಲ್ಲಿ ಪಂಚಿಟ್ಟರು. ಸುತ್ತಿಗೆ ಎತ್ತಿದರು. ಟಣ್! ಇಡೀ ಡ್ರಮ್ಮು ದನಿಗೂಡಿಸಿತು.

ಮಾವ: ನೋಡಿ, ಯಾರ ಕೆಲಸ ಅಂತ ಲೋಕಕ್ಕೆ ಗೊತ್ತಾಗಲಿ!

ಅಳಿಯ: (ಬಗ್ಗಿ ನೋಡಿ) ಮಾವ... ಇದು ಯಾರ ಕೆಲಸ?

ಮಾವ: ಆಗಲೇ ಮರೆತ್ರಾ? ನಂದು! ಆರು!

ಅಳಿಯ: ಇಲ್ಲಿ ಒಂಬತ್ತು ಅಂತಿದೆ.

ಮಾವ: ತಮಾಷೆ ಬೇಡ.

ಅತ್ತೆ ಕನ್ನಡಕದ ಡಬ್ಬಿ ತೆರೆದು, ಸೆರಗಿನಲ್ಲಿ ಗಾಜು ಒರೆಸಿ, ಗಂಡನ ಮೂಗಿನ ಮೇಲೆ ಕೂರಿಸಿದರು. ಮಾವ ಬಗ್ಗಿದರು. ಉಕ್ಕಿನ ಮೇಲೆ ಅಚ್ಚೊತ್ತಿದ ಹಾಗೆ 9 ಎಂದಿತ್ತು. ಅದರ ತಲೆಯ ಮೇಲೆ ಸಣ್ಣದೊಂದು ಗೆರೆ.

ಮಾವ: ಗೆರೆ ಅಡಿಗಿರಬೇಕು.

ಅಳಿಯ: ಪಂಚು ತಲೆಕೆಳಗಾಗಿ ಹಿಡಿದಿದ್ದೀರಿ ಮಾವ. ಆರು ತಲೆಕೆಳಗಾದ್ರೆ ಒಂಬತ್ತು, ಗೆರೆ ತಲೆ ಮೇಲೆ.

ಮಾವ: ಒಂದು ಸಲ ಕೈ ತಪ್ಪಿತು...

ಅತ್ತೆ: ಒಂದೇ ಸಲಾನಾ?

ಮಾವ ಬಾಗಿಲ ಬಳಿಯ ಡ್ರಮ್ಮಿನತ್ತ ಹೆಚ್ಚುಕಡಿಮೆ ಓಡಿದರು. ಒಂಬತ್ತರ ಮೇಲೆ ಬೆರಳಿಟ್ಟರು. ಗೆರೆ ತಲೆಯ ಮೇಲೆ. ಅದರ ಪಕ್ಕದ ಮೂತಿ: ಗೆರೆ ತಲೆಯ ಮೇಲೆ. ಆಚೆಯ ಡ್ರಮ್ಮು: ಗೆರೆ ತಲೆಯ ಮೇಲೆ. ಅದರಾಚೆಯದರಲ್ಲಿ ಮಾತ್ರ ಗೆರೆ ಅಡಿಗಿತ್ತು. ಅದು ನಿಜವಾದ ಒಂಬತ್ತು. ಅಲ್ಲಿ ಬೆಸುಗೆ ಸೊಟ್ಟಗಿತ್ತು.

ಅಳಿಯ: ಅರವತ್ತೊಂದರಲ್ಲಿ ಎಷ್ಟು ನಿಮ್ಮದೋ ಕೂತು ನೋಡಬೇಕು ಮಾವ. ಗುಮಾಸ್ತ ಅಂಕಿ ನೋಡಿದ, ಗೆರೆ ನೋಡಲಿಲ್ಲ.

ಅತ್ತೆ: ನೀವೂ ನೋಡಲಿಲ್ವಲ್ಲ ಅಳಿಯಂದಿರೇ. ಕನ್ನಡಕದ ಅಂಗಡಿಯವನು ಒಂದು ತಗೊಂಡ್ರೆ ಇನ್ನೊಂದು ಅಗ್ಗ ಅಂತಿದ್ದ.

ಮಾವ: ಮತ್ತೆ ಆ ಒಂಬತ್ತು? ತಾನು ಮಾಡದ ಕೆಲಸಕ್ಕೆಲ್ಲ ಫೋಟೊ ತೆಗೆಸಿಕೊಂಡನಲ್ಲ, ಬಾಯಿ ಬಿಡಬೇಕು ಅನ್ನಿಸಲಿಲ್ವಾ?

ಅಳಿಯ: ಫ್ಯಾನಿನ ಕೆಳಗೆ ಕೂತವರಿಗೆ ತಮ್ಮ ಒಳದನಿ ಕೇಳಿಸಲ್ವೇನೋ.

ಮಾವ ಮತ್ತೆ ಬಾಗಿಲ ಬಳಿಯ ಬೆಸುಗೆಯನ್ನು ನೋಡಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು.

ಮಾವ: ಅಳಿಯಂದಿರೇ, ನೀವು ಹೇಳಿದ್ದು ಸರಿ. ಹೊಲಿಗೆ ಹಾಕಿದ ಹಾಗೇ ಇದೆ. ಎಂಥಾ ಹದ ನೋಡಿ! ಶುರುವೂ ಚೆನ್ನಾಗಿದೆ, ಮುಗಿಸಿರೋದೂ ಚೆನ್ನಾಗಿದೆ.

ಅತ್ತೆ: ಕೋಳಿ ಎಲ್ಲಿ ಹೋಯ್ತು ಹಾಗಾದ್ರೆ? ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಿಮ್ಮದು ಉಲ್ಟಾ. ನಿಮ್ಮ ಕೂಸು ಅಂತ ಗೊತ್ತಾಗೋವರೆಗೂ ಮುದ್ದು ಮಗು ಹೆಗ್ಗಣವಾಗಿತ್ತು. ಬನ್ನಿ, ಕಪಾಳ ತೋರಿಸಿ. ಎರಡು ಕೊಡಬೇಕು ಅಂದಿದ್ರಲ್ಲ.

ಅಳಿಯ ಡ್ರಮ್ಮಿನ ಮೇಲೆ ನಕ್ಷೆ ಹರಡಿ ವರದಿ ಬರೆಯತೊಡಗಿದ. ಮಾವ ಅವನ ಹೆಗಲ ಮೇಲಿಂದ ಇಣುಕಿದರು. ನಕ್ಷೆಯಲ್ಲಿ ಪ್ಯಾಡಿನ ಪಕ್ಕದಲ್ಲಿಯೇ ಬರೆದಿತ್ತು: ಇಲ್ಲಿ ಆರು ಮಿಲಿಮೀಟರ್ ತೂತು, ಬೆಸೆಯಬಾರದು.

ಮಾವ: ಇಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ರಾ? (ದನಿ ತಗ್ಗಿಸಿ) ಯಾವಾಗಲೂ ಬೆಸುಗೆ ಆದಮೇಲೆ ತೂತು ಹೊಡೀತಿದ್ರು ಅಳಿಯಂದಿರೇ. ಈ ಸಲ ಪ್ಯಾಡು ತೂತಿನ ಸಮೇತ ಬಂದಿತ್ತು. ನನಗೆ ಕಪ್ಪಗೆ ಒಂದು ಚುಕ್ಕೆ ಕಂಡಿತು. ತಗಡಿನಲ್ಲಿ ಗುಳಿ ಬಿದ್ದಿದೆ ಅಂದುಕೊಂಡೆ. ಅಭಿಪ್ರಾಯ, ಇರುವೆ, ಎಲ್ಲಾ ಆಮೇಲೆ ಹುಟ್ಟಿದ್ದು.

ಅಳಿಯ: ಗೊತ್ತಾಯ್ತು ಮಾವ. ಸಂಜೆ ಮಾಲೀಕರ ಹತ್ರ ನಾನೇ ಬರ್ತೀನಿ. ಒಂದೊಂದು ಗೆರೆಯನ್ನೂ ಬೆರಳಿಟ್ಟು ತೋರಿಸ್ತೀನಿ. ಪಂಚು ನಿಮ್ಮ ಜೇಬಲ್ಲೇ ಇರತ್ತೆ, ಕನ್ನಡಕ ನಿಮ್ಮ ಮೂಗಿನ ಮೇಲೆ ಇದ್ರೆ. ಆದ್ರೆ ತೂತು ಮುಚ್ಚಿದ್ದನ್ನೂ ಬರೀಬೇಕು.

ಮಾವ: ಬರೀರಿ, ಬರೀರಿ. ಬರೆಯದೇ ಇದ್ರೆ ನೀವು ನಮ್ಮ ಅಳಿಯ ಅಲ್ಲ. ಮುಚ್ಚಿದವರು ಯಾವ ನಂಬರು ಅಂತ ಬರೀತೀರಿ?

ಅಳಿಯ: ಆರು.

ಮಾವ: ಒಂಬತ್ತು ಅಂತ ಬರೆಯೋಕಾಗಲ್ವಾ? ಡ್ರಮ್ಮಿನ ಮೇಲೆ ಹಾಗೇ ಇದೆಯಲ್ಲ!

ಅಳಿಯ: ಮಾವಾ!

ಮಾವ: ಸುಮ್ನೆ ಕೇಳಿದೆನಪ್ಪ.

ಅತ್ತೆ ಪೆಟ್ಟಿಗೆಯ ಮೇಲೆ ಊಟದ ಡಬ್ಬಿ ಬಿಚ್ಚಿದರು. ಮಾವ ಕೈ ತೊಳೆದು ಬಂದು ಕೂತವರು, ಇದ್ದಕ್ಕಿದ್ದಂತೆ ಹೆಂಡತಿಯತ್ತ ಬೆರಳು ತೋರಿಸಿದರು.

ಮಾವ: ತಾಳು. ಆರು ತಿಂಗಳಿಂದ ತರದ ಕನ್ನಡಕ ಇವತ್ತೇ ಯಾಕೆ ತಂದೆ? ಅಳಿಯಂದಿರು ನಿನಗೆ ಫೋನ್ ಮಾಡಿ ಚಾಡಿ ಹೇಳಿದ್ರಾ? ಇಲ್ಲ, ನೀನೇ ಅವರಿಗೆ ಹೇಳಿದ್ಯಾ?

ಅತ್ತೆ: ಇಬ್ರೂ ಅಲ್ಲ ರೀ. ಬೆಳಿಗ್ಗೆ ನೀವು ಬಾಗಿಲು ದಾಟಿದಾಗಲೇ ಚಾಡಿ ಕೇಳಿಸಿತ್ತು. ಆ ಕನ್ನಡಕದಲ್ಲೇ ನಿಮ್ಮ ಅಂಗಿ ನೋಡಿಕೊಳ್ಳಿ.

ಮಾವ ತಲೆ ಬಗ್ಗಿಸಿದರು. ಅಡಿಯಲ್ಲಿ ತೂತಿಲ್ಲದೆ ಒಂದು ಗುಂಡಿ ಜೋತಾಡುತ್ತಿತ್ತು. ಮೇಲೆ, ಕತ್ತಿನ ಹತ್ತಿರ, ಗುಂಡಿಯಿಲ್ಲದ ಒಂದು ತೂತು ಬಾಯಿ ಬಿಟ್ಟುಕೊಂಡು ಕೂತಿತ್ತು. ಅದರ ಮೇಲೆ ಬೆರಳಿಟ್ಟು ಅವರು ಅಳಿಯನ ಕಡೆ ನೋಡಿದರು.

ಮಾವ: ಇದನ್ನಾದ್ರೂ ಮುಚ್ಚಿಕೊಳ್ಳಬಹುದಾ ಅಳಿಯಂದಿರೇ, ಇಲ್ಲ ಇದಕ್ಕೂ ಸೋಪು ನೀರು ಬಳೀತೀರಾ?